ಮಡಿಕೇರಿಯ ಶುಕ್ರವಾರದ ಸಂತೆ: ಇಪ್ಪತ್ತೆರಡು ವರ್ಷದ ಗಿರಾಕಿಯ ಮಾತು

ಮಡಿಕೇರಿಯಲ್ಲಿ ನನ್ನದೊಂದು ಚಿಕ್ಕ ಮೆಸ್ ಇದೆ. ಮಧ್ಯಾಹ್ನ ನಲವತ್ತು ಊಟ, ರಾತ್ರಿ ಇಪ್ಪತ್ತೈದು. ಬಸ್ ಡ್ರೈವರ್‌ಗಳು, ಕೋರ್ಟಿನ ಗುಮಾಸ್ತರು, ಕಾಲೇಜಿನ ಮೇಷ್ಟ್ರು, ರೂಮ್ ಮಾಡಿಕೊಂಡಿರುವ ನರ್ಸ್ ಹುಡುಗಿಯರು ಬರುತ್ತಾರೆ. ಇಷ್ಟು ಜನರ ಸಾಂಬಾರು, ಪಲ್ಯಕ್ಕೆ ಬೇಕಾದ ತರಕಾರಿಯನ್ನು ಇಪ್ಪತ್ತೆರಡು ವರ್ಷದಿಂದ ಶುಕ್ರವಾರದ ಸಂತೆಯಿಂದಲೇ ತರುತ್ತಿದ್ದೇನೆ.

ಫೋನಿನಲ್ಲಿ ಮಡಿಕೇರಿ ಅಂತ ಹುಡುಕಿದರೆ ರಾಜಾಸೀಟು, ಅಬ್ಬಿ ಜಲಪಾತ, ಹೋಂಸ್ಟೇಗಳು ಸಾಲಾಗಿ ಬರುತ್ತವೆ. ಒಂದೊಂದಕ್ಕೂ ಎಷ್ಟೊಂದು ಜನ ಅಭಿಪ್ರಾಯ ಬರೆದಿರುತ್ತಾರೆ. ಬೆಡ್‌ಶೀಟ್ ಹೇಗಿತ್ತು, ಬಿಸಿನೀರು ಬಂತಾ, ಎಲ್ಲ ಇರುತ್ತದೆ. ಊರಿಗೆ ಅನ್ನ ಹಾಕುವ ಸಂತೆಯ ಬಗ್ಗೆ ಮಾತ್ರ ಯಾರೂ ಮನಸ್ಸಿಟ್ಟು ಬರೆದಿದ್ದು ನನಗೆ ಕಾಣಲಿಲ್ಲ. ಅದಕ್ಕೇ ಬರೆಯಲು ಕೂತೆ.

ಮೊದಲು ಸಾಮಾನಿನ ವಿಷಯ. ಟೊಮೆಟೊ, ಬೀನ್ಸ್, ಕ್ಯಾರೆಟ್, ಎಲೆಕೋಸು, ಬದನೆ, ಬೆಂಡೆ ಇವೆಲ್ಲ ಹೆಚ್ಚಾಗಿ ಕೆಳಗಿನಿಂದ ಬರುತ್ತವೆ. ಕೆಳಗಿನಿಂದ ಅಂದರೆ ಪಿರಿಯಾಪಟ್ಟಣ, ಹುಣಸೂರು ಕಡೆಯಿಂದ. ಮಡಿಕೇರಿ ಇರುವುದು ಸಮುದ್ರಮಟ್ಟದಿಂದ ಮೂರೂಮುಕ್ಕಾಲು ಸಾವಿರ ಅಡಿಗೂ ಮೇಲೆ. ಇಲ್ಲಿನ ಮಳೆಯಲ್ಲಿ ಟೊಮೆಟೊ ಗಿಡ ನಿಲ್ಲುವುದು ಕಷ್ಟ. ನಮಗೆ ರೈಲೂ ಇಲ್ಲ. ಇಡೀ ಜಿಲ್ಲೆಯಲ್ಲಿ ಒಂದು ಗೇಣು ರೈಲುಹಳಿ ಇಲ್ಲ. ಒಂದು ಮೆಣಸಿನಕಾಯಿ ಬರಬೇಕೆಂದರೂ ಲಾರಿಯೋ ಟೆಂಪೋನೋ ಘಾಟಿ ಹತ್ತಲೇಬೇಕು. ಹಾಗಿದ್ದೂ ಹೋದ ಶುಕ್ರವಾರ ನಾನು ತಂದ ಟೊಮೆಟೊ ಅಂಗಡಿಗಿಂತ ಕೆಜಿಗೆ ಎಂಟು ರೂಪಾಯಿ ಕಮ್ಮಿ. ಹದಿನೈದು ಕೆಜಿ ತರುವವಳಿಗೆ ಅದು 120 ರೂಪಾಯಿ. ಅಷ್ಟರಲ್ಲಿ ಒಂದು ಹೊತ್ತಿನ ತೆಂಗಿನಕಾಯಿ ಖರ್ಚು ಕಳೆಯುತ್ತದೆ.

ಸಂತೆಯ ನಿಜವಾದ ಬೆಲೆ ಗೊತ್ತಾಗುವುದು ಇಲ್ಲೇ ಬೆಳೆದ ಸಾಮಾನಿನಲ್ಲಿ. ಅದು ದೊಡ್ಡ ವ್ಯಾಪಾರಿಗಳ ಹತ್ತಿರ ಸಿಗಲ್ಲ. ಮೂಲೆಯಲ್ಲಿ ಗೋಣಿತಾಟು ಹಾಸಿ, ಮುಂದೆ ನಾಲ್ಕೇ ನಾಲ್ಕು ಗುಡ್ಡೆ ಇಟ್ಟುಕೊಂಡು ಹೆಂಗಸರು ಕೂತಿರುತ್ತಾರೆ, ಅವರ ಹತ್ತಿರ ಹೋಗಬೇಕು. ಮಳೆಗಾಲ ಶುರುವಾದರೆ ಕಳಲೆ, ಅಂದರೆ ಎಳೆ ಬಿದಿರು, ಬರುತ್ತದೆ. ಬಿಳಿ ಬಿಳಿಯಾಗಿ ಹೆಚ್ಚಿ ನೀರಿನಲ್ಲಿ ಹಾಕಿಟ್ಟಿರುತ್ತಾರೆ. ಹಸಿ ಕಳಲೆಯನ್ನು ಹಾಗೇ ಬೇಯಿಸಬಾರದು, ನೀರು ಬದಲಿಸುತ್ತಾ ಎರಡು ದಿನ ನೆನೆಸಬೇಕು. ಅವರು ಎಷ್ಟು ದಿನ ನೆನೆಸಿದ್ದಾರೆ ಅಂತ ಕೇಳಿಯೇ ತಗೊಳ್ಳಿ. ಆಮೇಲೆ ಕೆಸವಿನ ಎಲೆ, ಅಣಬೆ. ಆಗಸ್ಟ್ 3ರ ಹತ್ತಿರದ ಸಂತೆಗೆ ಮದ್ದು ಸೊಪ್ಪಿನ ಕಟ್ಟು ಬರುತ್ತದೆ. ಕೊಡವರ ಲೆಕ್ಕದ ಕಕ್ಕಡ ತಿಂಗಳ ಹದಿನೆಂಟನೇ ದಿನಕ್ಕೆ ಆ ಸೊಪ್ಪಿನಲ್ಲಿ ಹದಿನೆಂಟು ಬಗೆ ಮದ್ದು ಕೂಡುತ್ತದೆ ಅಂತ ಇಲ್ಲಿಯವರ ನಂಬಿಕೆ. ಕುದಿಸಿದರೆ ನೀರು ಕಡು ನೇರಳೆ ಬಣ್ಣಕ್ಕೆ ತಿರುಗುತ್ತದೆ. ಅದರಲ್ಲೇ ಪಾಯಸ ಮಾಡುತ್ತಾರೆ. ಹೊಸದಾಗಿ ಕೊಡಗಿಗೆ ಬಂದವರಿಗೆ ಒಂದು ಮಾತು: ತಿಂದ ಮೇಲೆ ಮೂತ್ರ ಕೆಂಪಗೆ ಹೋಗುತ್ತದೆ, ಗಾಬರಿ ಬೇಡ. ಕೊಡಗಿನ ಸುಗ್ಗಿ ಹಬ್ಬ ಹುತ್ತರಿಯ ಹಿಂದಿನ ವಾರ ಗೆಣಸು. ಬೇಸಿಗೆ ಕಳೆಯುವ ಹೊತ್ತಿಗೆ ಬಟರ್ ಫ್ರೂಟ್. ಜೀರಿಗೆ ಮೆಣಸು, ಅಡುಗೆಗೆ ಹಾಕುವ ಕಪ್ಪು ಹುಳಿರಸ ಕಾಚಂಪುಳಿಯ ಬಾಟಲಿ ಹೆಚ್ಚು ಕಮ್ಮಿ ಯಾವಾಗಲೂ ಇರುತ್ತದೆ.

ಕಿತ್ತಳೆ ತಗೊಳ್ಳುವಾಗ ಮಾತ್ರ ಎಚ್ಚರ. ಕೊಡಗಿನ ಕಿತ್ತಳೆ ತೋಟ ಈಗ ಬಹಳ ಕಮ್ಮಿಯಾಗಿದೆ. ಹೆಸರಿದೆ, ಹಣ್ಣಿಲ್ಲ. ಹೊರಗಿನ ಕಿತ್ತಳೆಯನ್ನೇ ಕೂರ್ಗ್ ಕಿತ್ತಳೆ ಅಂತ ಮಾರುವವರಿದ್ದಾರೆ. ನಮ್ಮ ಹಣ್ಣು ಹಸಿರು ಕಲೆತ ಹಳದಿ ಬಣ್ಣ. ಸಿಪ್ಪೆ ತೊಳೆಗೆ ಅಂಟಿಕೊಂಡಿರುತ್ತದೆ. ರುಚಿ ಸಿಹಿ ಹುಳಿ ಎರಡೂ. ಕೆಂಪು ಕಿತ್ತಳೆ ಬಣ್ಣ, ಉಬ್ಬಿದ ಸಡಿಲ ಸಿಪ್ಪೆ ಇದ್ದರೆ ಅದು ದೂರದ ಹಣ್ಣು.

ನಾನು ಹೆಚ್ಚು ವ್ಯಾಪಾರ ಮಾಡುವುದು ಒಬ್ಬರ ಹತ್ತಿರವೇ. ಪಿರಿಯಾಪಟ್ಟಣದ ಹತ್ತಿರದ ಹಳ್ಳಿಯವರು. ಅರವತ್ತು ದಾಟಿದೆ. ಹೆಸರು ಬರೆಯುವುದು ಬೇಡ, ನಾನು ಅಮ್ಮ ಅಂತಲೇ ಕರೆಯುತ್ತೇನೆ. ಮೊದಲು ಗಂಡನ ಜೊತೆ ಬರುತ್ತಿದ್ದರು. ಈಗ ಮಗ ಗಾಡಿ ಓಡಿಸಿಕೊಂಡು ಬರುತ್ತಾನೆ. ಬೆಳಿಗ್ಗೆ ಐದೂವರೆಗೆಲ್ಲ ಟಾರ್ಪಾಲಿನ ಹಗ್ಗ ಬಿಗಿದು ಆಗಿರುತ್ತದೆ. ಮಳೆಗಾಲದಲ್ಲಿ ಟಾರ್ಪಾಲಿನ ಹೊಟ್ಟೆಯಲ್ಲಿ ನೀರು ತುಂಬಿಕೊಂಡು ಜೋತುಬೀಳುತ್ತದೆ. ಅವರು ಕೋಲಿನಿಂದ ಒಂದೇ ಸಲ ಮೇಲಕ್ಕೆ ನೂಕುತ್ತಾರೆ. ನೀರೆಲ್ಲ ಹಿಂದುಗಡೆಯ ಚರಂಡಿಗೇ ಬೀಳುತ್ತದೆ. ಒಂದು ಹನಿ ಗಿರಾಕಿಯ ಮೇಲೆ ಬೀಳಲ್ಲ.

ಅವರು ಬದನೆಕಾಯಿ ಆರಿಸುವುದನ್ನು ನೋಡಿ ನಾನು ಕಲಿತೆ. ಕಾಯಿಯ ಮೈಯನ್ನು ನೋಡುವುದೇ ಇಲ್ಲ. ತೊಟ್ಟಿನ ಬುಡಕ್ಕೆ ಹೆಬ್ಬೆರಳು ಒತ್ತುತ್ತಾರೆ. ಗಟ್ಟಿಯಾಗಿ, ಹಸಿರಾಗಿ, ಮುಳ್ಳು ಚುಚ್ಚುವ ಹಾಗಿದ್ದರೆ ನಿನ್ನೆ ಕೊಯ್ದದ್ದು. ಮೆತ್ತಗೆ ಒಳಗೆ ಹೋದರೆ ಮೂರು ದಿನದ್ದು. ನಾನು ಬೀನ್ಸ್ ಗುಡ್ಡೆಗೆ ಕೈ ಹಾಕಿದರೆ ಒಂದೊಂದು ಸಲ ತಡೆಯುತ್ತಾರೆ. "ಅದ ಮುಟ್ಬ್ಯಾಡ ಕನವ್ವ, ಅದು ನಾರು. ನಿನ್ ಮೆಸ್ಸಿಗೆ ಬ್ಯಾರೆ ಎತ್ತಿಟ್ಟಿವ್ನಿ" ಅಂತ ಹಿಂದಿನ ಚೀಲ ಎಳೆಯುತ್ತಾರೆ. ತೂಕ ಆದ ಮೇಲೆ ಕೊಸರು ಹಾಕುವುದನ್ನು ಇವತ್ತಿಗೂ ಬಿಟ್ಟಿಲ್ಲ. ಒಂದು ಹಿಡಿ ಕೊತ್ತಂಬರಿ, ನಾಲ್ಕು ಹಸಿಮೆಣಸು, ಒಂದು ನಿಂಬೆಹಣ್ಣು. ದುಡ್ಡು ಈಗ ಸ್ಕ್ಯಾನ್ ಮಾಡಿ ಕೊಡುತ್ತೇನೆ. ಸ್ಕ್ಯಾನ್ ಬೋರ್ಡನ್ನು ತಕ್ಕಡಿಯ ಪಕ್ಕ ದಾರದಲ್ಲಿ ನೇತುಹಾಕಿದ್ದಾರೆ. ಫೋನು ಎಷ್ಟು ಬಂತು ಅಂತ ಕೂಗಿ ಹೇಳುತ್ತದೆ, ಅವರು ತಲೆ ಆಡಿಸುತ್ತಾರೆ. ಕೊಸರಂತೂ ಕೈಯಿಂದಲೇ ಬೀಳುತ್ತದೆ.

ಎಲ್ಲರೂ ಹೀಗೇ ಅಂತ ಹೇಳಲ್ಲ. ಒಂದು ಸಲ ಅಮ್ಮ ಬಂದಿರಲಿಲ್ಲ. ಹೊಸಬರೊಬ್ಬರ ಹತ್ತಿರ ಐದು ಕೆಜಿ ಬೀನ್ಸ್ ತಗೊಂಡೆ. ಮನೆಗೆ ಬಂದು ತೂಗಿದರೆ ನಾಲ್ಕೂವರೆ ಚಿಲ್ಲರೆ. ಮುಂದಿನ ವಾರ ಕೇಳೋಣ ಅಂತ ಹೋದರೆ ಅವರು ಆ ಜಾಗದಲ್ಲಿ ಇರಲಿಲ್ಲ. ಬೇಜಾರಾಯಿತು. ಅವತ್ತಿನಿಂದ ಹೊಸಬರ ಹತ್ತಿರ ತಗೊಳ್ಳುವ ಮುಂಚೆ ತಕ್ಕಡಿ ಸೊನ್ನೆ ತೋರಿಸುತ್ತಿದೆಯಾ ನೋಡುತ್ತೇನೆ. ಬಟ್ಟು ಇಟ್ಟು ತೂಗುವವರಾದರೆ ಬಟ್ಟಿನ ಮೇಲೆ ಸರ್ಕಾರದ ಮುದ್ರೆ ಇದೆಯಾ ನೋಡುತ್ತೇನೆ. ನೀವೂ ನೋಡಿ. ಸರಿಯಾಗಿ ವ್ಯಾಪಾರ ಮಾಡುವವರು ಅದಕ್ಕೆ ಬೇಜಾರು ಮಾಡಿಕೊಳ್ಳಲ್ಲ.

ನಮ್ಮ ಅಮ್ಮನ ವಾರ ಹೇಗೆ ಅಂತ ಕೇಳಿ. ಸೋಮವಾರ ಸೋಮವಾರಪೇಟೆ. ಮಂಗಳವಾರ ಕುಶಾಲನಗರ. ಬುಧವಾರ ವಿರಾಜಪೇಟೆ. ಗುರುವಾರ ಮನೆ, ಹೊಲ, ಮಾಲು ತುಂಬುವ ಕೆಲಸ. ಶುಕ್ರವಾರ ಮಡಿಕೇರಿ. ಶನಿವಾರ ಸುಸ್ತಾದರೆ ಮನೆ, ಇಲ್ಲದಿದ್ದರೆ ಶನಿವಾರಸಂತೆ. ಭಾನುವಾರ ಗೋಣಿಕೊಪ್ಪ. ಕೊಡಗಿನ ನಕ್ಷೆಯನ್ನು ವಾರದ ಲೆಕ್ಕದಲ್ಲಿ ಬಾಯಿಪಾಠ ಮಾಡಿಕೊಂಡ ಹಾಗೆ. ಅವರ ಹಾಗೆ ಎಷ್ಟೋ ಜನ ಇದೇ ಸುತ್ತು ಹೊಡೆಯುತ್ತಾರೆ. ಅಂಗಡಿಯವನಿಗೆ ಒಂದು ಊರು, ಬಾಗಿಲು, ಬಾಡಿಗೆ. ಸಂತೆಯವರಿಗೆ ಬಾಗಿಲಿಲ್ಲ, ಆದರೆ ಐದಾರು ಊರಿದೆ. ಒಂದು ಊರು ದಿನಾಲೂ ಒಂದು ದೊಡ್ಡ ತರಕಾರಿ ಮಾರ್ಕೆಟ್ ಸಾಕಲಾರದು. ವಾರಕ್ಕೊಂದು ದಿನ ಖಂಡಿತ ಸಾಕುತ್ತದೆ.

ನಾನು ಹುಟ್ಟಿದ್ದು ಶನಿವಾರಸಂತೆಯ ಹತ್ತಿರದ ಹಳ್ಳಿಯಲ್ಲಿ. ನೋಡಿ, ಊರಿನ ಹೆಸರೇ ಸಂತೆ. ಸೋಮವಾರಪೇಟೆಯ ಹೆಸರಿನಲ್ಲೂ ವಾರ ಇದೆ. ನಮ್ಮಪ್ಪ ಶನಿವಾರ ಹಸಿಮೆಣಸಿನಕಾಯಿ ಮೂಟೆ ಹೊತ್ತುಕೊಂಡು ಹೋಗುತ್ತಿದ್ದರು. ನಾನು ಹಿಂದೆ ಹಿಂದೆ. ಮೂಟೆ ಖಾಲಿಯಾದ ಮೇಲೆ ನನಗೆ ಖಾರ ಮಂಡಕ್ಕಿ, ಅವರಿಗೆ ಒಂದು ಕಟ್ಟು ಎಲೆ ಅಡಿಕೆ, ಮನೆಗೆ ಸೀಮೆಎಣ್ಣೆ. ಅಂಥ ಕಡೆ ಸಂತೆಗೆ ಬಂದವರಿಗೆ ಟೀ ಬೇಕು ಅಂತ ಹೋಟೆಲು, ಕುಡುಗೋಲು ತಟ್ಟಿಸಲು ಕುಲುಮೆ, ಬಟ್ಟೆ ಹೊಲಿಸಲು ಟೈಲರ್, ಆಮೇಲೆ ಬ್ಯಾಂಕು, ಶಾಲೆ. ಹಾಗೆ ಒಂದೊಂದೇ ಕೂಡಿಕೊಂಡು ಪೇಟೆ ಆಗುತ್ತದೆ.

ಮಡಿಕೇರಿಯ ಕಥೆ ಬೇರೆ. ಇದು ರಾಜರು ಕಟ್ಟಿದ ಊರು. 1681ರಲ್ಲಿ ಮುದ್ದುರಾಜ ಇಲ್ಲಿ ರಾಜಧಾನಿ ಮಾಡಿದ. ಮುದ್ದುರಾಜನ ಕೇರಿ ಮಡಿಕೇರಿ ಆಯಿತು ಅಂತ ಹೇಳುತ್ತಾರೆ. ವಿರಾಜಪೇಟೆಯನ್ನೂ 1792ರಲ್ಲಿ ದೊಡ್ಡ ವೀರರಾಜೇಂದ್ರ ಕಟ್ಟಿಸಿದ್ದು. ರಾಜರು ಗುಡ್ಡ ನೋಡಿ ಕೋಟೆ ಕಟ್ಟಿದರು. ಶತ್ರು ಹತ್ತಬಾರದು ಅಂತ ಆರಿಸಿದ ಗುಡ್ಡವನ್ನು ಈಗ ನಾವು ತರಕಾರಿ ಚೀಲ ಹೊತ್ತುಕೊಂಡು ಹತ್ತುತ್ತೇವೆ, ಇಳಿಯುತ್ತೇವೆ. ಮಡಿಕೇರಿಯಲ್ಲಿ ಸಮತಟ್ಟು ಜಾಗ ಅಂದರೆ ಚಿನ್ನ. ಬಸ್ಸಿಗೂ ಅದೇ ಬೇಕು, ಕಾರಿಗೂ ಅದೇ ಬೇಕು, ಮಕ್ಕಳ ಆಟಕ್ಕೂ, ಲಾಡ್ಜಿಗೂ, ಸಂತೆಗೂ. ಈ ಊರಿನ ಎಲ್ಲ ಜಗಳದ ಬೇರು ಅಲ್ಲೇ ಇದೆ ಅಂತ ನನಗನ್ನಿಸುತ್ತದೆ.

ಮೆಸ್ಸಿಗೆ ಬರುವ ಭೂಗೋಳದ ಮೇಷ್ಟ್ರು ಒಂದು ಲೆಕ್ಕ ಹೇಳಿದರು. 2011ರ ಜನಗಣತಿಯ ಪ್ರಕಾರ ಕೊಡಗಿನಲ್ಲಿ ಇರುವವರು 5.54 ಲಕ್ಷ ಜನ. ಪಟ್ಟಣಗಳಲ್ಲಿ ಇರುವವರು ನೂರಕ್ಕೆ 15 ಜನವೂ ಇಲ್ಲ. ರಾಜ್ಯದ ಲೆಕ್ಕ ನೋಡಿದರೆ ನೂರಕ್ಕೆ 38 ದಾಟುತ್ತದೆ. ಮಡಿಕೇರಿ ಜಿಲ್ಲೆಗೇ ಮುಖ್ಯ ಊರು, ಆದರೂ ಆಗ ಇದ್ದದ್ದು 33 ಸಾವಿರ ಚಿಲ್ಲರೆ ಜನ. "ಅಕ್ಕಾ, ಈ ಪೇಟೆ ಇರುವುದು ಪೇಟೆಯವರಿಗಿಂತ ಜಾಸ್ತಿ ತೋಟದೊಳಗೆ ಇರುವವರಿಗೆ" ಅಂದರು. ಅವತ್ತು ಅನ್ನ ಬಡಿಸುತ್ತಾ ಕೇಳಿಸಿಕೊಂಡ ಮಾತು. ಆಮೇಲೆ ಪ್ರತಿ ಶುಕ್ರವಾರ ಅದೇ ಕಣ್ಣಿಗೆ ಕಾಣಲು ಶುರುವಾಯಿತು.

ಬಯಲುಸೀಮೆಯಲ್ಲಿ ಊರು ಅಂದರೆ ಬೀದಿ. ಗೋಡೆಗೆ ಗೋಡೆ ತಾಗಿದ ಮನೆ. ಜಗುಲಿ, ಅರಳಿಕಟ್ಟೆ, ಬೋರ್‌ವೆಲ್. ಬೆಳಿಗ್ಗೆ ಎದ್ದರೆ ಹತ್ತು ಮುಖ ಕಾಣುತ್ತವೆ. ಕೊಡಗಿನಲ್ಲಿ ಹಾಗಿಲ್ಲ. ಮನೆ ಇರುವುದು ತೋಟದ ಮಧ್ಯೆ, ಗದ್ದೆಯ ಅಂಚಿನಲ್ಲಿ. ಗೇಟಿನಿಂದ ಮನೆಗೇ ಕಾಲು ಮೈಲಿ ಇರುತ್ತದೆ. ಪಕ್ಕದ ಮನೆ ಅಂದರೆ ಅದು ಇನ್ನೊಂದು ಗುಡ್ಡ. ಮಳೆಗಾಲದಲ್ಲಿ ಎರಡು ದಿನ ಒಂದು ಮನುಷ್ಯರ ಮುಖ ಕಾಣದ ಮನೆಗಳಿವೆ. ಅಂಥವರಿಗೆ ಅರಳಿಕಟ್ಟೆ ಎಲ್ಲಿದೆ? ಶುಕ್ರವಾರ ಇಲ್ಲಿದೆ. ಮೂರು ಗಂಟೆ ಹೊತ್ತಿಗೆ ಸಂತೆಯ ಒಳದಾರಿಯಲ್ಲಿ ನಿಂತು ನೋಡಿ. ತರಕಾರಿ ತಗೊಳ್ಳುವವರು ಅರ್ಧ, ನಿಂತು ಮಾತಾಡುವವರು ಅರ್ಧ. ಚೀಲ ಕಾಲ ಹತ್ತಿರ ಇಟ್ಟುಕೊಂಡು, ಛತ್ರಿ ಹೆಗಲಿಗೆ ಒರಗಿಸಿಕೊಂಡು, ಯಾರ ಮನೆಯಲ್ಲಿ ಮದುವೆ, ಯಾರ ಕಾಫಿಗೆ ಎಷ್ಟು ರೇಟು ಸಿಕ್ಕಿತು, ಯಾರ ತೋಟಕ್ಕೆ ಆನೆ ಬಂತು. ಆ ಸುದ್ದಿ ಬೇರೆ ಯಾವ ಅಂಗಡಿಯಲ್ಲೂ ಸಿಗಲ್ಲ. ದಾರಿ ಕಟ್ಟಿಕೊಂಡು ನಿಂತಿದ್ದಾರೆ ಅಂತ ಯಾರಾದರೂ ರೇಗಿದರೆ ನನಗೆ ಸಿಟ್ಟು ಬರುತ್ತದೆ. ಅವರು ಅದಕ್ಕೇ ಅಲ್ವಾ ಬಂದಿದ್ದು?

ತೋಟದ ಕೆಲಸದವರಿಗೂ ಸಂತೆಗೂ ಇರುವ ಗಂಟು ಇನ್ನೂ ಗಟ್ಟಿ. ಎಷ್ಟೋ ತೋಟಗಳಲ್ಲಿ ಕೂಲಿ ಕೊಡುವುದು ವಾರದ ಲೆಕ್ಕದಲ್ಲಿ. ಹತ್ತಿರದ ಸಂತೆ ಯಾವ ದಿನವೋ ಆ ದಿನವೇ ರಜೆ. ಅಂದರೆ ಭಾನುವಾರದ ರಜೆ ಅನ್ನುವುದು ಆಫೀಸಿನವರಿಗೆ. ತೋಟದವರ ಭಾನುವಾರ ಒಂದೊಂದು ಕಡೆ ಒಂದೊಂದು ವಾರ. ಹಣ ಕೈಗೆ ಬಂದ ದಿನವೇ ಅಕ್ಕಿ, ಎಣ್ಣೆ, ಒಣಮೀನು, ಮಗುವಿಗೆ ಚಪ್ಪಲಿ. ಈಗ ಅಸ್ಸಾಂ ಕಡೆಯಿಂದ ಬಂದ ಕಾರ್ಮಿಕರು ಜಾಸ್ತಿ. ಸಂತೆಯವರು ಅದನ್ನು ಎಲ್ಲರಿಗಿಂತ ಮೊದಲು ತಿಳಿದುಕೊಂಡರು. ಒಣಮೀನಿನವರ ಪಕ್ಕ ಸಾಸಿವೆ ಎಣ್ಣೆಯ ಬಾಟಲಿ ಬಂದು ಕೂತಿತು. ನಮ್ಮ ಅಮ್ಮ ಕೂಡ ಆಲೂಗಡ್ಡೆ ಎರಡು ಮೂಟೆ ಜಾಸ್ತಿ ತರುತ್ತಾರೆ. "ಆಲೂ" "ಪ್ಯಾಜ್" ಅನ್ನುವುದನ್ನು ಕಲಿತಿದ್ದಾರೆ.

ಸಂತೆಯಲ್ಲಿ ಎಷ್ಟು ಭಾಷೆ ಕಿವಿಗೆ ಬೀಳುತ್ತದೆ ಅಂತ ಒಂದು ದಿನ ಲೆಕ್ಕ ಹಾಕಿದೆ. ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ಬ್ಯಾರಿ, ಉರ್ದು, ತಮಿಳು, ಯರವ ಬುಡಕಟ್ಟಿನವರ ಮಾತು, ಈಗ ಹಿಂದಿ. ಇವರೆಲ್ಲ ರೇಟು ಕೇಳುವಾಗ ಮಾತ್ರ ಕನ್ನಡಕ್ಕೆ ಬರುತ್ತಾರೆ. ಒಬ್ಬೊಬ್ಬರ ಕನ್ನಡ ಒಂದೊಂದು ಥರ. ಪಿರಿಯಾಪಟ್ಟಣದ ಅಮ್ಮನಿಗೆ ಅಷ್ಟೂ ಥರದ ಕನ್ನಡ ಅರ್ಥವಾಗುತ್ತದೆ. ಶಾಲೆ ಮೆಟ್ಟಿಲು ಹತ್ತದವರು.

ಮೊಬೈಲು ಮನೆಮನೆಗೆ ಬರುವ ಮುಂಚೆ ನನಗೆ ಸಂತೆಯೇ ಪೋಸ್ಟಾಫೀಸು. ನನ್ನ ತಾಯಿ ಶನಿವಾರಸಂತೆಯಲ್ಲಿ ಬಳೆ ವ್ಯಾಪಾರಿಯ ಕೈಗೆ ಒಂದು ಚೀಲ ಕೊಡುತ್ತಿದ್ದರು. ಅದು ಅವರ ಗಾಡಿಯಲ್ಲೇ ಊರೂರು ಸುತ್ತಿ ಮುಂದಿನ ಶುಕ್ರವಾರ ನನಗೆ ತಲುಪುತ್ತಿತ್ತು. ಹಲಸಿನ ಹಪ್ಪಳ, ಹುಣಸೆಹಣ್ಣಿನ ಉಂಡೆ. ಒಂದು ಸಲ ಚೀಲದ ತಳದಲ್ಲಿ ತಾಯಿಯ ಹಳೆ ಸೀರೆಯ ಮಡಿಕೆಯೊಳಗೆ ಐವತ್ತು ರೂಪಾಯಿ ಇತ್ತು. ಯಾರೂ ಮುಟ್ಟಿರಲಿಲ್ಲ. ಆರು ದಿನ ಸುತ್ತಿದ ಚೀಲ ಅದು.

2018ರ ಆಗಸ್ಟ್ ನಾವು ಯಾರೂ ಮರೆಯಲ್ಲ. ಮಕ್ಕಂದೂರು, ಹೆಬ್ಬೆಟ್ಟಗೇರಿ, ಜೋಡುಪಾಲ ಕಡೆ ಗುಡ್ಡಗಳೇ ಜಾರಿದವು. ಸಂಪಾಜೆಯ ಮೇಲೆ ಮಂಗಳೂರಿಗೆ ಹೋಗುವ ರಸ್ತೆ ಕಿತ್ತುಹೋಯಿತು. ನಮಗೆ ಒಣಮೀನು ಬರುವುದು ಆ ಕಡೆಯಿಂದ. ಅದು ನಿಂತೇಹೋಯಿತು. ಕುಶಾಲನಗರದ ಕಡೆಯಿಂದ ಸಾಮಾನು ಬರುವುದೂ ಅನುಮಾನ ಅನ್ನುವ ದಿನಗಳು. ಪರಿಹಾರ ಕೇಂದ್ರಗಳಲ್ಲಿ ಜನ ತುಂಬಿದ್ದರು. ನನ್ನ ಮೆಸ್ಸಿನಲ್ಲಿ ಗಂಟೆಗಟ್ಟಲೆ ಅನ್ನ ಬೇಯುತ್ತಿತ್ತು. ಅಮ್ಮನ ಮಗ ಹೇಗೋ ಗಾಡಿ ತಂದ. ಎಲೆಕೋಸು, ಕುಂಬಳಕಾಯಿ ಇಳಿಸಿ, ದುಡ್ಡು ಕೇಳದೆ ಹೋದ. "ಅಮ್ಮ ಹೇಳಿ ಕಳಿಸವ್ರೆ ಅಕ್ಕ, ಆಮೇಲ್ ನೋಡನ" ಅಂದ. ಆಮೇಲೆ ಕೊಡಲು ಹೋದಾಗ ಅಮ್ಮ ಅರ್ಧ ಮಾತ್ರ ತಗೊಂಡರು.

2020ರಲ್ಲಿ ಲಾಕ್‌ಡೌನ್ ಬಂದಾಗ ಸಂತೆ ನಿಂತಿತು. ತರಕಾರಿ ಗಾಡಿಯಲ್ಲಿ ಬಾಗಿಲಿಗೇ ಬಂತು. ಹೊಟ್ಟೆಗೆ ಏನೂ ಕಮ್ಮಿಯಾಗಲಿಲ್ಲ. ಆದರೆ ಶುಕ್ರವಾರ ಅನ್ನುವ ದಿನವೇ ಇಲ್ಲದ ಹಾಗೆ ಆಗಿತ್ತು. ಕ್ಯಾಲೆಂಡರ್ ನೋಡಿ ವಾರ ತಿಳಿದುಕೊಳ್ಳಬೇಕಾಯಿತು. ಸಂತೆ ಮತ್ತೆ ಶುರುವಾದ ಮೊದಲನೇ ದಿನ ಮುಖಕ್ಕೆ ಮಾಸ್ಕ್ ಹಾಕಿಕೊಂಡು ಅಮ್ಮನ ಎದುರು ನಿಂತೆ. ಕಣ್ಣು ನೋಡಿಯೇ ಗುರುತು ಹಿಡಿದರು. ಎರಡು ನಿಂಬೆಹಣ್ಣು ಚೀಲಕ್ಕೆ ಹಾಕಿ ಆಮೇಲೆ ಏನು ಬೇಕು ಅಂತ ಕೇಳಿದರು. ಕೊಸರು ಮೊದಲು, ವ್ಯಾಪಾರ ಆಮೇಲೆ. ಅದು ಅವತ್ತೊಂದೇ ದಿನ ಆಗಿದ್ದು.

ಐದು ನಕ್ಷತ್ರಕ್ಕೆ ಎಷ್ಟು ಅಂತ ಕೇಳಿದರೆ ನಾಲ್ಕು ಕೊಡುತ್ತೇನೆ. ಒಂದು ಕಮ್ಮಿ ಮಾಡಿದ್ದಕ್ಕೆ ಕಾರಣ ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾಲಿನ ಕೆಳಗೆ ಎಲೆಕೋಸಿನ ಸಿಪ್ಪೆ, ಕೆಸರು ಸೇರಿ ಜಾರುತ್ತದೆ. ವಯಸ್ಸಾದವರು ಹುಷಾರಾಗಿ ಬರಬೇಕು, ರಬ್ಬರ್ ಚಪ್ಪಲಿ ಹಾಕಿಕೊಂಡು ಬರಲೇಬೇಡಿ. ಬೆಳಿಗ್ಗೆ ಐದರಿಂದ ಸಂಜೆ ಏಳರವರೆಗೆ ಕೂರುವ ಹೆಂಗಸರ ಕಷ್ಟವೂ ಇದೆ. ಅಮ್ಮ ಮಧ್ಯಾಹ್ನದವರೆಗೂ ನೀರು ಕುಡಿಯುವುದೇ ಇಲ್ಲ. ಯಾಕೆ ಅಂತ ನಾನು ಬಿಡಿಸಿ ಬರೆಯಬೇಕಾಗಿಲ್ಲ. ಎರಡು ಗಂಟೆಗೆ ನಮ್ಮ ಮೆಸ್ಸಿಗೆ ಬಂದು ಕೈಕಾಲು ತೊಳೆದು ಊಟ ಮಾಡಿ ಹೋಗುತ್ತಾರೆ. ಅವರ ಜೊತೆ ಇನ್ನೂ ಮೂವರು ಬರುತ್ತಾರೆ. ಯಾವ ಊರಿನ ಸಂತೆಯೇ ಆಗಲಿ, ದಿನವಿಡೀ ಕೂರುವ ಹೆಂಗಸರಿಗೆ ಹತ್ತು ಹೆಜ್ಜೆಯೊಳಗೆ ಒಂದು ಶುಚಿಯಾದ ಶೌಚಾಲಯ, ಒಂದು ನಲ್ಲಿ ಇರಬೇಕು. ತರಕಾರಿಗೆ ಸೂರು ಎಷ್ಟು ಮುಖ್ಯವೋ ಅದೂ ಅಷ್ಟೇ.

ಕುಶಾಲನಗರದ ಮಂಗಳವಾರದ ಸಂತೆಗೆ ಹೋಲಿಸಿ ಹೇಳಿ ಅಂತ ಕೆಲವರು ಕೇಳುತ್ತಾರೆ. ಅಲ್ಲಿ ರೇಟು ಎರಡು ಮೂರು ರೂಪಾಯಿ ಕಮ್ಮಿ, ಅದು ನಿಜ. ಘಾಟಿ ಹತ್ತುವ ಡೀಸೆಲ್ ಖರ್ಚಿಲ್ಲ. ಊರು ಕಾವೇರಿ ದಡದಲ್ಲಿ ಸಮತಟ್ಟಾಗಿದೆ, ಮೈಸೂರು ರಸ್ತೆಯಲ್ಲಿದೆ, ಬೇಕಾದ ಹಾಗೆ ಬೆಳೆಯುತ್ತಿದೆ. ಈಗ ಅದು ತಾಲ್ಲೂಕು ಕೂಡ ಆಗಿದೆ. ಬೈಲುಕುಪ್ಪೆಯ ಟಿಬೆಟಿನವರೂ ಅಲ್ಲಿಗೆ ಬರುತ್ತಾರೆ. ಮದುವೆ, ನಾಮಕರಣ ಅಂತ ಒಟ್ಟಿಗೆ ಮೂಟೆಗಟ್ಟಲೆ ತರುವವರು ಕುಶಾಲನಗರಕ್ಕೇ ಹೋಗಿ. ಕಳಲೆ, ಅಣಬೆ, ಮದ್ದು ಸೊಪ್ಪು, ತೋಟದ ಹಣ್ಣು ಬೇಕಾದವರು ಮಡಿಕೇರಿಗೆ ಬನ್ನಿ.

ನನ್ನ ಭಯ ಒಂದೇ. ಶುಕ್ರವಾರ ಸಂಜೆಯಾದರೆ ಬೆಂಗಳೂರಿನ ಕಾರುಗಳು ಬರಲು ಶುರುವಾಗುತ್ತವೆ. ಸಂತೆ ಮುಗಿಸಿ ಮೂಟೆ ತುಂಬುವ ಗಾಡಿಗಳೂ ಅದೇ ಹೊತ್ತಿಗೆ ಹೊರಡುತ್ತವೆ. ಕಿರಿದಾದ ರಸ್ತೆಯಲ್ಲಿ ಎರಡೂ ಎದುರುಬದುರು. ಆಗ ಯಾರಾದರೂ ಒಬ್ಬರು ಹೇಳುತ್ತಾರೆ, ಈ ಸಂತೆಯನ್ನು ಊರಾಚೆ ಹಾಕಿದರೆ ಏನಾಗುತ್ತದೆ ಅಂತ. ನಾನು ಹೇಳುತ್ತೇನೆ ಏನಾಗುತ್ತದೆ ಅಂತ. ತೋಟದಿಂದ ಬಸ್ಸಿನಲ್ಲಿ ಬಂದ ಹೆಂಗಸು ಒಂದೇ ಓಡಾಟದಲ್ಲಿ ಬ್ಯಾಂಕು, ಆಸ್ಪತ್ರೆ, ಪಡಿತರದ ಕೆಲಸ, ಸಂತೆ ಎಲ್ಲ ಮುಗಿಸಿ ನಾಲ್ಕೂವರೆ ಬಸ್ಸಿಗೆ ವಾಪಸು ಹತ್ತುತ್ತಾಳೆ. ಆ ಬಸ್ಸು ತಪ್ಪಿದರೆ ಎಷ್ಟೋ ಊರಿಗೆ ಅವತ್ತು ಬೇರೆ ಬಸ್ಸಿಲ್ಲ. ಸಂತೆ ಎರಡು ಕಿಲೋಮೀಟರ್ ಆಚೆ ಹೋದರೆ ಅವಳಿಗೆ ಹೋಗಲು ಬರಲು ಆಟೋಗೆ ನೂರು ನೂರೈವತ್ತು ಬೇಕು. ಆ ದುಡ್ಡಿಗೆ ಮೂರು ದಿನದ ತರಕಾರಿ ಬರುತ್ತದೆ. ಅವಳು ಬಸ್ ಸ್ಟ್ಯಾಂಡಿನ ಹತ್ತಿರ ಸಿಕ್ಕಿದ್ದನ್ನು ಜಾಸ್ತಿ ಕೊಟ್ಟು ತಗೊಂಡು ಮನೆಗೆ ಹೋಗುತ್ತಾಳೆ. ಸಂತೆ ಬಡವಾಗುತ್ತದೆ, ಪೇಟೆಯ ಒಳಗಿನ ಬಟ್ಟೆ ಅಂಗಡಿ, ಪಾತ್ರೆ ಅಂಗಡಿ, ನನ್ನಂಥ ಮೆಸ್ಸು ಕೂಡ ಬಡವಾಗುತ್ತದೆ. ಶುಕ್ರವಾರ ನನಗೆ ಹದಿನೈದು ಊಟ ಜಾಸ್ತಿ ಹೋಗುತ್ತದೆ. ಅದೆಲ್ಲ ಸಂತೆಗೆ ಬಂದವರದ್ದು.

2014ರಲ್ಲಿ ಬೀದಿ ವ್ಯಾಪಾರಿಗಳಿಗಾಗಿ ದೇಶಕ್ಕೆಲ್ಲ ಒಂದು ಕಾನೂನು ಬಂದಿದೆ. ಪ್ರತಿ ಪಟ್ಟಣದಲ್ಲೂ ವ್ಯಾಪಾರದ ಜಾಗ ತೀರ್ಮಾನಿಸಲು ಒಂದು ಸಮಿತಿ ಇರಬೇಕು, ಅದರಲ್ಲಿ ನೂರಕ್ಕೆ 40 ಭಾಗಕ್ಕೆ ಕಮ್ಮಿ ಇಲ್ಲದಷ್ಟು ಬೀದಿ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರರಲ್ಲಿ ಒಬ್ಬರು ಹೆಂಗಸಾಗಿರಬೇಕು. ಎಬ್ಬಿಸುವ ಮುಂಚೆ 30 ದಿನದ ನೋಟಿಸ್ ಕೊಡಬೇಕು. 50 ವರ್ಷಕ್ಕಿಂತ ಹಳೆಯ ಸಹಜ ಮಾರುಕಟ್ಟೆಗಳನ್ನು ಪಾರಂಪರಿಕ ಅಂತ ಘೋಷಿಸಿ, ಅಲ್ಲಿನವರನ್ನು ಬೇರೆ ಕಡೆಗೆ ಹಾಕಬಾರದು ಅನ್ನುವ ಮಾತೂ ಅದರಲ್ಲಿದೆ. ಇದನ್ನೆಲ್ಲ ಮೆಸ್ಸಿಗೆ ಬರುವ ಕೋರ್ಟಿನವರೊಬ್ಬರು ಓದಿ ಹೇಳಿದರು. ನಾನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ ಅಮ್ಮನಿಗೆ ಹೇಳಿದೆ. ಅವರು ಕೇಳಿಸಿಕೊಂಡು, "ಆ ಹಾಳೆ ನಂಗ್ ಕೊಡವ್ವ, ನನ್ ಮಗ ಓದ್ತಾನೆ" ಅಂತ ಇಸಕೊಂಡು ತಕ್ಕಡಿಯ ಕೆಳಗಿನ ದುಡ್ಡಿನ ಡಬ್ಬಿಯಲ್ಲಿ ಮಡಚಿಟ್ಟರು. ಅದು ಈಗಲೂ ಅಲ್ಲೇ ಇದೆ. ಚಿಲ್ಲರೆ ತೆಗೆಯುವಾಗ ಕಾಣುತ್ತದೆ.

ಬರುವವರಿಗೆ ಇನ್ನೆರಡು ಮಾತು. ಕಾರು ದೂರ ನಿಲ್ಲಿಸಿ ನಡೆದು ಬನ್ನಿ. ಬಟ್ಟೆ ಚೀಲ ತನ್ನಿ, ಎರಡು ತಂದರೆ ಒಳ್ಳೆಯದು. ಒಳ್ಳೆ ಮಾಲು ಬೇಕಾದರೆ ಬೆಳಿಗ್ಗೆ ಎಂಟರ ಒಳಗೆ, ರೇಟು ಇಳಿಯಬೇಕಾದರೆ ಸಂಜೆ ಐದರ ಮೇಲೆ. ಸೊಪ್ಪನ್ನು ಮಾತ್ರ ಸಂಜೆಗೆ ಬಿಡಬೇಡಿ, ಅಷ್ಟೊತ್ತಿಗೆ ಬಾಡಿರುತ್ತದೆ. ನಾಲ್ಕು ಗುಡ್ಡೆ ಇಟ್ಟುಕೊಂಡು ಕೂತ ಹೆಂಗಸರ ಹತ್ತಿರ ಐದು ರೂಪಾಯಿಗೆ ಚೌಕಾಸಿ ಮಾಡಬೇಡಿ. ಅವರು ಆ ಅಣಬೆಗಾಗಿ ಬೆಳಗಿನ ಜಾವ ಮಳೆಯಲ್ಲಿ ಕಾಡು ಸುತ್ತಿರುತ್ತಾರೆ. ಅಣಬೆಯನ್ನು ಗುರುತಿರುವವರ ಹತ್ತಿರವೇ ತಗೊಳ್ಳಿ, ಗೊತ್ತಿಲ್ಲದಿದ್ದರೆ ನನ್ನಂಥ ಹಳೆ ಗಿರಾಕಿಯನ್ನು ಕೇಳಿ. ಸಂತೆಯಲ್ಲಿ ಯಾರೂ ಹೇಳಲ್ಲ ಅನ್ನಲ್ಲ.

ನಾಳೆ ಶುಕ್ರವಾರ. ಹೋದ ವಾರ ಟೊಮೆಟೊ ಜಾಸ್ತಿ ಆಯಿತು ಅಂತ ಅಮ್ಮ ಅವರ ನೀಲಿ ಕ್ರೇಟಿನಲ್ಲೇ ಹಾಕಿ ಕಳಿಸಿದ್ದರು. ಕ್ರೇಟ್ ತೊಳೆದು ಹಿತ್ತಲಿನಲ್ಲಿ ಕವುಚಿ ಇಟ್ಟಿದ್ದೇನೆ. ಬೆಳಿಗ್ಗೆ ಆರಕ್ಕೆ ಆಟೋ ಹೇಳಿದ್ದೇನೆ. ಹದಿನೈದು ಕೆಜಿ ಟೊಮೆಟೊ, ಆರು ಕೆಜಿ ಬೀನ್ಸ್, ಹತ್ತು ಕಟ್ಟು ದಂಟು. ಕಳಲೆ ಬಂದಿದ್ದರೆ ಎರಡು ಸೇರು.